ಜಗಲಿಯ ಮೇಲೆ ನಾಲ್ಕು ಮಕ್ಕಳು

ಕಳೆದ ಜುಲೈ ತಿಂಗಳ ಒಂದು ಬೆಳಗು. ರಾತ್ರಿಯಿಡೀ ಹೊಯ್ದ ಮಳೆ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ರಾತ್ರಿ ಒಂಬತ್ತೂವರೆಗೆ ಮೊಬೈಲಿಗೆ ಸಂದೇಶ ಬಂದಿತ್ತು: ಭಾರಿ ಮಳೆಯ ಮುನ್ಸೂಚನೆ ಇರುವುದರಿಂದ ನಾಳೆ ಕರಾವಳಿ ತಾಲೂಕುಗಳ ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆಗಳಿಗೆ ರಜೆ. ಕೂಡಲೇ ಅದನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆದರೆ ನಮ್ಮ ಶಾಲೆಯಿರುವ ಊರಲ್ಲಿ ಸಂಜೆಯಿಂದಲೇ ಕರೆಂಟಿರಲಿಲ್ಲ. ಕರೆಂಟು ಹೋದ ಒಂದೆರಡು ತಾಸಿಗೆ ಅಲ್ಲಿ ಟವರೂ ಹೋಗುತ್ತದೆ. ಅರ್ಧಕ್ಕರ್ಧ ಮನೆಗೆ ಸುದ್ದಿ ಮುಟ್ಟಿಲ್ಲ ಎಂದು ಗೊತ್ತಿದ್ದರಿಂದ ಬೆಳಿಗ್ಗೆ ಕುಮಟಾದಿಂದ ಹೊರಟೇಬಿಟ್ಟೆ.

ಶಾಲೆಗೆ ಬೀಗ. ಜಗಲಿಯ ಮೇಲೆ ನಾಲ್ಕು ಮಕ್ಕಳು ಗೋಡೆಗೆ ಬೆನ್ನು ಕೊಟ್ಟು, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. ತಲೆಯಿಂದ ನೀರಿಳಿಯುತ್ತಿತ್ತು.

"ಇವತ್ತು ರಜೆ ಕೊಟ್ಟಿದಾರೆ, ಗೊತ್ತಾಗ್ಲಿಲ್ವಾ?" ಎಂದೆ.

"ಇಲ್ಲ ಅಕ್ಕೋರೇ, ಯಾರೂ ಹೇಳ್ಲಿಲ್ಲ," ಎಂದ ಐದನೇ ತರಗತಿಯ ಹುಡುಗ. ಒಂದನೇ ತರಗತಿಯಲ್ಲಿರುವ ಅವನ ತಂಗಿ ಅಂಗಿ ಜಗ್ಗಿ, ನನ್ನನ್ನಲ್ಲ, ಅವನನ್ನೇ ಕೇಳಿದಳು: "ಹಂಗಾರೆ ಊಟನೂ ಇಲ್ವಾ?"

ಊಟ ಇರಲಿಲ್ಲ. ರಜೆ ಎಂದ ಮೇಲೆ ಅಡುಗೆಯವರು ಬರುವುದಿಲ್ಲ, ಒಲೆ ಹಚ್ಚುವ ಹಾಗೂ ಇಲ್ಲ. ನನ್ನ ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಐದು ಪಾಲು ಮಾಡಿ ತಿಂದೆವು. ಮಳೆ ಸ್ವಲ್ಪ ಕಡಿಮೆಯಾದಾಗ ಅವರನ್ನು ಮನೆಗೆ ಮುಟ್ಟಿಸಲು ಹೊರಟೆ. ಅವರ ಮನೆಗಳಿರುವುದು ಹಳ್ಳದ ಆಚೆ. ನಡುವೆ ಒಂದು ಕಾಲುಸಂಕ. ಎರಡು ಅಡಿಕೆ ಮರದ ಕಾಂಡ, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರಿನ ಗಳ, ಅಷ್ಟೇ. ಬೇಸಿಗೆಯಲ್ಲಿ ಮಕ್ಕಳು ಈ ಹಳ್ಳವನ್ನು ಇಳಿದೇ ದಾಟುತ್ತಾರೆ. ಅವತ್ತು ಕೆಂಪು ನೀರು ಕಾಂಡದ ಅಡಿಗೆ ತಾಗಿಕೊಂಡೇ ಓಡುತ್ತಿತ್ತು. ದೊಡ್ಡ ಹುಡುಗ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದ. ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ, ಗಾಳಿ ಕೊಡೆಯನ್ನು ಎಳೆದರೆ ಆಯ ತಪ್ಪುತ್ತದೆಂದು. ಒಂದು ಕೈಯಲ್ಲಿ ಗಳ, ಇನ್ನೊಂದು ಕೈಯಲ್ಲಿ ತಂಗಿ. ಪಾಚಿ ಕಟ್ಟಿದ ಕಾಂಡದ ಮೇಲೆ ಪಾದವನ್ನು ಅಡ್ಡಡ್ಡ ಇಟ್ಟು ಒಂದೊಂದೇ ಹೆಜ್ಜೆ ಸರಿದ. ನಾನು ಹಿಂದಿನಿಂದ ಉಸಿರು ಬಿಗಿಹಿಡಿದು ನೋಡುತ್ತ ನಿಂತೆ. ಬೆಳಿಗ್ಗೆ ಬರುವಾಗಲೂ ಹೀಗೆಯೇ ದಾಟಿ ಬಂದಿದ್ದರು, ಇಲ್ಲದ ಶಾಲೆಗೆ.

ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಇನ್ನು ಬರೆಯಲೇಬೇಕು ಅನ್ನಿಸಿದ್ದು ಅವತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಲೆಗಳಿಗೆ ಬೇರೆಯದೇ ವೇಳಾಪಟ್ಟಿ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಒಟ್ಟಿಗೇ ಕೊಟ್ಟುಬಿಡುವ ರಜೆಯನ್ನು ಬಿಡಿಸಿ ವರ್ಷದುದ್ದಕ್ಕೂ ಹಂಚಬೇಕು. ಅದರಲ್ಲಿ ಒಂದು ಪಾಲು ಜುಲೈ ಮಳೆಗೆ ಹೋಗಬೇಕು. ಬೇರೆ ದೇಶಗಳಲ್ಲಿ ಇದಕ್ಕೆ 'ವರ್ಷವಿಡೀ ಶಾಲೆ' ಎಂದು ಹೆಸರು. ಕೇಳಿದವರಿಗೆ ರಜೆಯೇ ಇಲ್ಲದ ಶಾಲೆ ಎಂಬ ಭಾವನೆ ಬರುತ್ತದೆ. ಹಾಗಲ್ಲ. ಪಾಠದ ದಿನ ಅಷ್ಟೇ, ರಜೆಯ ದಿನವೂ ಅಷ್ಟೇ. ದೊಡ್ಡದೊಂದು ರಜೆಯ ಬದಲು ಸಣ್ಣ ಸಣ್ಣ ನಾಲ್ಕು.

ಲೆಕ್ಕ ಹೀಗಿದೆ. 2025ರಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ದಸರೆ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ 18 ದಿನ. (ಆ ವರ್ಷ ಸಮೀಕ್ಷೆಯ ಕೆಲಸಕ್ಕೆ ಶಿಕ್ಷಕರೇ ಬೇಕಾದ್ದರಿಂದ ದಸರೆ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಅದು ಬೇರೆ ಮಾತು.) ಮೇ ಕೊನೆಗೆ ಶಾಲೆ ಶುರುವಾದ ಮೇಲೆ ಮೊದಲ ಕೆಲವು ವಾರ ಸೇತುಬಂಧ. ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂದು ಪರೀಕ್ಷಿಸಿ, ಹೋದದ್ದನ್ನು ಮತ್ತೆ ಕಟ್ಟಿಕೊಡುವ ಕೆಲಸ ಅದು. ಸೇತುಬಂಧ ಮುಗಿದು ಹೊಸ ಪಾಠ ಹಿಡಿಯುವ ಹೊತ್ತಿಗೆ ಜುಲೈ ಬಂದಿರುತ್ತದೆ. ಆಮೇಲೆ ಎರಡು ದಿನ ಶಾಲೆ, ಒಂದು ದಿನ ಮಳೆ ರಜೆ, ಮತ್ತೊಂದು ದಿನ ಶಾಲೆ, ಮತ್ತೆರಡು ದಿನ ರಜೆ. ನಮ್ಮ ಕರಾವಳಿಯಲ್ಲಿ ಪಾಠ ನಿಜವಾಗಿ ನೆಲೆ ನಿಲ್ಲುವುದು ಆಗಸ್ಟಿನಲ್ಲಿ. ಏಪ್ರಿಲ್ 10ಕ್ಕೆ ರಿಸಲ್ಟ್ ಓದಿ ಕಳಿಸಿದ ಮಗುವಿಗೆ ಹೊಸದೇನಾದರೂ ಕಲಿಸುವುದು ಮೂರೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಚೌತಿ, ಅದರ ಬೆನ್ನಿಗೆ ದಸರೆ.

ಕಲಿತದ್ದು ಹೋಗುತ್ತದೆ ಎಂದರೆ ಹೇಗೆ ಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡದವರಿಗೆ ಹೇಳುವುದು ಕಷ್ಟ. ನಮ್ಮಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಮನೆಮಾತು ಕೊಂಕಣಿ. ಮಾರ್ಚಿನಲ್ಲಿ ಅವಳು 'ಹಕ್ಕಿ', 'ಅಣ್ಣ', 'ಬೆಳ್ಳುಳ್ಳಿ' ಎಲ್ಲವನ್ನೂ ತಪ್ಪಿಲ್ಲದೆ ಬರೆಯುತ್ತಿದ್ದಳು. 'ಬೆಳ್ಳುಳ್ಳಿ' ಬರೆದ ದಿನ ಸ್ಲೇಟನ್ನು ಎಲ್ಲರಿಗೂ ತೋರಿಸಿಕೊಂಡು ಬಂದಿದ್ದಳು. ಜೂನ್ ಮೊದಲ ವಾರ 'ಹಕ್ಕಿ' ಬರೆ ಎಂದೆ. 'ಹ' ಬರೆದಳು. 'ಕಿ' ಬರೆದಳು. ಬಳಪ ಅಲ್ಲೇ ನಿಂತಿತು. ಇನ್ನೂ ಏನೋ ಇದೆ ಎಂದು ಅವಳಿಗೆ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಬಳಪದ ತುದಿ ಅಕ್ಷರದ ಬಲಕ್ಕೆ ಹೋಯಿತು, ತಲೆಯ ಮೇಲೆ ಹೋಯಿತು, ಕೆಳಗೆ ಬರಲೇ ಇಲ್ಲ. ನನ್ನ ಮುಖ ನೋಡಿದಳು. ಒತ್ತಕ್ಷರವನ್ನು ಕಲಿಯದ ಮಗುವಿನ ಮುಖಕ್ಕೂ ಕಲಿತು ಕಳೆದುಕೊಂಡ ಮಗುವಿನ ಮುಖಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕುತೂಹಲವಿರುತ್ತದೆ. ಎರಡನೆಯದರಲ್ಲಿ ನಾಚಿಕೆ.

ಆ 48 ದಿನ ಅವಳು ಸುಮ್ಮನೆ ಕೂತಿರಲಿಲ್ಲ. ಹೊಳೆ ಇಳಿತವಾದಾಗ ಅಮ್ಮನ ಜೊತೆ ಬಳಚು (ಚಿಪ್ಪುಮೀನು) ಹೆಕ್ಕಲು ಹೋಗಿದ್ದಳು, ತಮ್ಮನನ್ನು ಆಡಿಸಿದ್ದಳು, ಗುಡ್ಡದಲ್ಲಿ ಗೇರುಬೀಜ ಆಯ್ದಿದ್ದಳು. ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಚಂದ್ರನನ್ನು ನೋಡಿ ಅವಳು ಹೇಳಬಲ್ಲಳು, ನನಗೆ ಬರುವುದಿಲ್ಲ. ಅದೂ ಕಲಿಕೆಯೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಏಳು ವಾರ ಅವಳ ಕಣ್ಣಿಗೆ ಒಂದೇ ಒಂದು ಕನ್ನಡ ಪುಟ ಬೀಳಲಿಲ್ಲ, ಕಿವಿಗೆ ಪುಸ್ತಕದ ಕನ್ನಡ ಬೀಳಲಿಲ್ಲ. ಮನೆಯಲ್ಲಿ ಹಾಲಕ್ಕಿ ಕನ್ನಡ ಆಡುವ ಮಕ್ಕಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಮೂರು ವಾರದ ಬಿಡುವಾಗಿದ್ದರೆ ಆ 'ಕ'ವತ್ತು ಅವಳ ಕೈಯಲ್ಲೇ ಉಳಿಯುತ್ತಿತ್ತು ಎಂದು ನಾನು ನಂಬುತ್ತೇನೆ. ದಸರೆ ರಜೆ ಮುಗಿಸಿ ಬಂದ ಮಕ್ಕಳಿಗೆ ಸೇತುಬಂಧ ಬೇಕಾಗುವುದಿಲ್ಲ. ಎರಡು ದಿನದಲ್ಲಿ ದಾರಿಗೆ ಬರುತ್ತಾರೆ. ಇದನ್ನು ಪ್ರತಿ ವರ್ಷ ಕಂಡಿದ್ದೇನೆ.

ನನ್ನ ಮಗಳಿಗೂ ಅದೇ 48 ದಿನ ರಜೆಯಿತ್ತು. ಅವಳು ಶಿರಸಿಯ ಅಜ್ಜಿಮನೆಗೆ ಹೋದಳು. ಅಲ್ಲಿ ಅಜ್ಜನ ಕಪಾಟು ತುಂಬ ಪುಸ್ತಕ, ಒಂದು ವಾರದ ನಾಟಕ ಶಿಬಿರ, ಸಂಜೆ ಮಾವನ ಜೊತೆ ಯಕ್ಷಗಾನದ ಹಾಡು. ಜೂನಿನಲ್ಲಿ ಅವಳು ಮೊದಲಿಗಿಂತ ಚೆನ್ನಾಗಿ ಓದುತ್ತಿದ್ದಳು. ಒಂದೇ ರಜೆ ಒಂದು ಮಗುವನ್ನು ಮುಂದೆ ಒಯ್ದಿತು, ಇನ್ನೊಂದನ್ನು ಹಿಂದೆ ತಂದಿತು. ಈ ಇಬ್ಬರನ್ನೂ ಒಂದೇ ವಾರದಲ್ಲಿ ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ ಎಂದು ಕಂಡಿತು. ಗಣಿತದಲ್ಲಿ ಎಲ್ಲರಿಗೂ ನಷ್ಟ, ಓದಿನಲ್ಲಿ ಮುಖ್ಯವಾಗಿ ಬಡವರ ಮಕ್ಕಳಿಗೆ. ಬಾಲ್ಟಿಮೋರ್ ನಗರದಲ್ಲಿ 1982ರಿಂದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು ಇದಕ್ಕೆ ನಲ್ಲಿಯ ಹೋಲಿಕೆ ಕೊಟ್ಟರು: ಶಾಲೆ ನಡೆಯುವಾಗ ನಲ್ಲಿ ಎಲ್ಲರಿಗೂ ಬಿಡುತ್ತದೆ, ರಜೆಯಲ್ಲಿ ನಿಲ್ಲುತ್ತದೆ, ಮನೆಯಲ್ಲಿ ಬಾವಿ ಇದ್ದವರಿಗೆ ಮಾತ್ರ ನೀರು. ಬಾವಿಯ ಮಾತು ನಾನು ಸೇರಿಸಿದ್ದು, ಮೊದಲರ್ಧ ಅವರದು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಈಚಿನ ವರ್ಷಗಳಲ್ಲಿ ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು ಆ ಹಳೆಯ ಅಂಕಿಗಳನ್ನು ಹೊಸ ಪರೀಕ್ಷೆಗಳ ಜೊತೆ ಇಟ್ಟು ನೋಡಿದಾಗ ನಷ್ಟ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ರಜೆ ಹಂಚಿಕೊಂಡ ಶಾಲೆಗಳ ಮಕ್ಕಳು ವರ್ಷದ ಕೊನೆಗೆ ಇತರ ಮಕ್ಕಳಷ್ಟೇ ಕಲಿತಿದ್ದರು, ಹೆಚ್ಚೇನಲ್ಲ. ಆದ್ದರಿಂದ ವೇಳಾಪಟ್ಟಿ ಬದಲಿಸಿದ ಮಾತ್ರಕ್ಕೆ ಅಂಕ ಏರುತ್ತದೆ ಎಂದು ನಾನು ಯಾರಿಗೂ ಆಸೆ ತೋರಿಸುವುದಿಲ್ಲ. ನಾಲ್ಕು ತರಗತಿಗೆ ಇಬ್ಬರೇ ಶಿಕ್ಷಕರಿರುವಲ್ಲಿ ಯಾವ ವೇಳಾಪಟ್ಟಿಯೂ ಮೂರನೆಯವರ ಕೆಲಸ ಮಾಡುವುದಿಲ್ಲ. ನನ್ನ ವಾದ ನಿಂತಿರುವುದು ಅಂಕದ ಮೇಲಲ್ಲ. ಆ ಜಗಲಿಯ ಮೇಲೆ, ಆ ಪುಟ್ಟ ಹುಡುಗಿ ಕೇಳಿದ ಪ್ರಶ್ನೆಯ ಮೇಲೆ.

ನಾನು ಕೆಲಸಕ್ಕೆ ಸೇರಿದ್ದು 2002ರಲ್ಲಿ. ಅಕ್ಷರ ದಾಸೋಹ ನಮ್ಮ ಕಡೆ ಬಂದದ್ದು ಅದರ ಮರುವರ್ಷ. ಬಿಸಿಯೂಟಕ್ಕೆ ಮೊದಲಿನ ಶಾಲೆಯನ್ನೂ ನಂತರದ ಶಾಲೆಯನ್ನೂ ಕಂಡ ಕೊನೆಯ ಕೆಲವು ಶಿಕ್ಷಕರಲ್ಲಿ ನಾನೊಬ್ಬಳು. ಮಧ್ಯಾಹ್ನದ ಮೇಲೆ ಮಕ್ಕಳ ಕಣ್ಣಲ್ಲಿ ಬಂದ ಹೊಳಪನ್ನು ನಾನು ಮರೆತಿಲ್ಲ. ಆಮೇಲೆ ಕ್ಷೀರಭಾಗ್ಯದ ಹಾಲು ಬಂತು, ಮೊಟ್ಟೆ ಬಂತು. ಇವೆಲ್ಲ ಶಾಲೆ ನಡೆಯುವ ದಿನಕ್ಕೆ ಮಾತ್ರ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ 'ಶಾಲಾ ರಜೆಯ ದಿನಗಳನ್ನು ಬಿಟ್ಟು' ಪ್ರತಿ ದಿನ ಮಧ್ಯಾಹ್ನದ ಊಟ ಎಂದಿದೆ. ಹೊಟ್ಟೆಗೆ ರಜೆಯಿಲ್ಲ ಎಂಬುದು ಗೊತ್ತಿದ್ದೇ 2004ರಲ್ಲಿ ಸುಪ್ರೀಂ ಕೋರ್ಟು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಆದೇಶಿಸಿತು. ಅದರಂತೆ ಬರದ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲೂ ರಜೆಯಲ್ಲಿ ಅಡುಗೆ ನಡೆದಿದೆ. ಮಾಡಲು ಬರುತ್ತದೆ ಎಂದಾಯಿತು. ಆದರೆ ಕರಾವಳಿಯ ಹಸಿವು ಬರದ ಪಟ್ಟಿಯಲ್ಲಿ ಸುಲಭವಾಗಿ ಕಾಣುವುದಿಲ್ಲ. ಇಲ್ಲಿ ನೀರು ಹೆಚ್ಚಾದಾಗ ಒಲೆ ಆರುತ್ತದೆ.

ನನ್ನ ಯೋಚನೆಯಲ್ಲಿ ತೊಡಕಿರುವುದು ಇಲ್ಲೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಸರಿಯೇ. ಆದರೆ ಆ ಎರಡು ತಿಂಗಳು ಬೋಟಿನ ಕೂಲಿ ನಂಬಿದ ಮನೆಯಲ್ಲಿ ಕೈ ಬರಿದು. ಜುಲೈನಲ್ಲಿ ಶಾಲೆಗೆ ರಜೆ ಕೊಡಿ ಎಂದರೆ, ಮನೆಯಲ್ಲಿ ಅಕ್ಕಿ ಕಡಿಮೆಯಿರುವ ತಿಂಗಳಲ್ಲೇ ಶಾಲೆಯ ಊಟವನ್ನೂ ನಿಲ್ಲಿಸಿ ಎಂದ ಹಾಗೆ. ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಈಗ ಆಗುತ್ತಿರುವುದೂ ಅದೇ ಅಲ್ಲವೇ? ಜುಲೈನಲ್ಲಿ ಮಳೆ ರಜೆ ಕೊಟ್ಟಷ್ಟೂ ದಿನ ಊಟ ನಿಲ್ಲುತ್ತದೆ, ಅದೂ ಹಿಂದಿನ ರಾತ್ರಿ ಒಂಬತ್ತೂವರೆಯವರೆಗೆ ಯಾರಿಗೂ ಗೊತ್ತಿಲ್ಲದೆ. ಮೊದಲೇ ತಿಳಿದ ರಜೆಯಾದರೆ ಕೊನೆಯ ದಿನ ಅಷ್ಟೂ ದಿನದ ಅಕ್ಕಿ-ಬೇಳೆಯನ್ನು ತೂಗಿ ಮನೆಗೆ ಕೊಟ್ಟು ಕಳಿಸಬಹುದು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಹೀಗೆಯೇ ಕೊಟ್ಟಿದ್ದೆವು. ಅದೇ ತಕ್ಕಡಿ ಇನ್ನೂ ನಮ್ಮ ದಾಸ್ತಾನು ಕೋಣೆಯಲ್ಲಿದೆ.

ಇನ್ನೊಂದು ವಿಷಯವನ್ನು ನಮ್ಮ ಊರಿನ ಮಕ್ಕಳೇ ನನಗೆ ಕಲಿಸಿದರು. ಏಪ್ರಿಲ್-ಮೇನಲ್ಲಿ ಅವರಿಗೆ ರಜೆಯಿರುತ್ತದೆ, ಆದರೆ ಅಪ್ಪ ಮನೆಯಲ್ಲಿರುವುದಿಲ್ಲ. ಮಳೆಗಾಲ ಬರುವ ಮೊದಲಿನ ಕೊನೆಯ ದುಡಿಮೆ, ಬೋಟಿನಲ್ಲೇ ದಿನಗಟ್ಟಲೆ. ಅಮ್ಮ ಮಳೆಗಾಲಕ್ಕೆಂದು ಮೀನು ಒಣಗಿಸುವುದರಲ್ಲಿ. ಅಪ್ಪ ಮನೆಗೆ ಬಂದು ಬಲೆಯನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತ ಕೂರುವ ಜುಲೈನಲ್ಲಿ ಮಕ್ಕಳಿಗೆ ಶಾಲೆ.

ಮಳೆಯ ಅಪಾಯವನ್ನು ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮುಂಗಾರಿನ ನಾಲ್ಕು ತಿಂಗಳಲ್ಲೇ ಕರಾವಳಿಗೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜುಲೈನಲ್ಲೇ. 2019ರ ಆಗಸ್ಟಿನಲ್ಲಿ ಗಂಗಾವಳಿ, ಕಾಳಿ ಉಕ್ಕಿದ್ದು, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ತೋಟಗಳನ್ನೇ ಎಳೆದೊಯ್ದದ್ದು ನೆನಪಿದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ನುಗ್ಗಿತು. ಎದುರು ದಡದ ಉಳುವರೆಯ ಮನೆಗಳವರೆಗೆ ನೀರು ಚಿಮ್ಮಿತು. ಆಮೇಲೆ ಎಷ್ಟೋ ದಿನ ನಮ್ಮ ಮಕ್ಕಳು ಮಳೆಯ ಸದ್ದು ಜೋರಾದರೆ ಪಾಠದ ನಡುವೆ ಕಿಟಕಿ ಕಡೆ ನೋಡುತ್ತಿದ್ದರು. ಜುಲೈನಲ್ಲಿ ರಜೆ ಕೊಡುವ ಜಿಲ್ಲಾಡಳಿತವನ್ನು ನಾನು ದೂರುವುದಿಲ್ಲ. ಮಕ್ಕಳ ಜೀವಕ್ಕಿಂತ ಪಾಠ ದೊಡ್ಡದಲ್ಲ. ಆದರೆ ಪ್ರತಿ ವರ್ಷವೂ ಬಂದೇ ಬರುವ ಮಳೆಯನ್ನು ಪ್ರತಿ ವರ್ಷವೂ ಅನಿರೀಕ್ಷಿತ ಎಂಬಂತೆ ನೋಡುವುದು ಯಾಕೆ? ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ, ಭಾನುವಾರ ಪಾಠ ಮಾಡಿ ತುಂಬಿಕೊಡಿ ಎಂಬ ಸೂಚನೆ ಬರುತ್ತದೆ. ತುಂಬುತ್ತೇವೆ, ಹಾಜರಿ ಪುಸ್ತಕದಲ್ಲಿ. ಭಾನುವಾರ ಬೆಳಿಗ್ಗೆ ಬಂದು ಕೂತ ಏಳು ಮಕ್ಕಳ ಮುಂದೆ ಭಾಗಾಕಾರ ಕಲಿಸಿದವರಿಗೆ ಅದರ ನಿಜ ಗೊತ್ತು.

ಕುಮಟಾಕ್ಕೆ ಬರುವ ಮೊದಲು ಹನ್ನೊಂದು ವರ್ಷ ನಾನು ಶಿರಸಿ ತಾಲೂಕಿನ ಘಟ್ಟದಂಚಿನ ಶಾಲೆಯಲ್ಲಿದ್ದೆ. ಅಲ್ಲಿನ ಗೋಳು ಬೇರೆ. ಡಿಸೆಂಬರ್ ಹೊತ್ತಿಗೆ ಕೊನೆಕೊಯ್ಲು ಶುರುವಾದರೆ ಮನೆಮನೆಯಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಗೆ. ಕೂಲಿಯವರ ಮಕ್ಕಳು ಅಮ್ಮನ ಮೆಟ್ಟುಗತ್ತಿಯ ಪಕ್ಕದಲ್ಲೇ ನಿದ್ದೆ ಹೋಗಿ, ಬೆಳಿಗ್ಗೆ ಅಲ್ಲಿಂದಲೇ ಶಾಲೆಗೆ ಬರುತ್ತಿದ್ದರು, ಬೆರಳ ಸಂದಿಯಲ್ಲಿ ಅಡಿಕೆಯ ಕಲೆ, ಕಣ್ಣಲ್ಲಿ ನಿದ್ದೆ. ಬಾರದಿದ್ದವರೂ ಬಹಳ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದರೆ ಸುತ್ತಲಿನ ಹಳ್ಳಿಗಳ ಶಾಲೆಗಳು ಒಂದು ವಾರ ಹೆಸರಿಗೆ ತೆರೆದಿರುತ್ತಿದ್ದವು. ಇನ್ನು ಹಳಿಯಾಳ, ಮುಂಡಗೋಡಿನ ಕಡೆ ಮಳೆಯೇ ಬೇರೆ, ಬೆಳೆಯೇ ಬೇರೆ. ಒಂದೇ ಜಿಲ್ಲೆಯಲ್ಲಿ ಮೂರು ಹವೆ. ಆಡಳಿತಕ್ಕೆಂದು ನಮ್ಮಲ್ಲಿ ಈಗಾಗಲೇ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಎರಡಕ್ಕೂ ವೇಳಾಪಟ್ಟಿ ಮಾತ್ರ ಒಂದೇ, ಬೀದರಿಗೆ ಯಾವುದೋ ಅದೇ.

ಕಾನೂನು ಇದಕ್ಕೆ ಅಡ್ಡಿಯಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ. ಯಾವ ತಿಂಗಳು ಎಂದು ಹೇಳಿಲ್ಲ. ಅದೇ ಕಾಯ್ದೆಯ 9ನೇ ಕಲಮು ಶೈಕ್ಷಣಿಕ ವೇಳಾಪಟ್ಟಿ ನಿರ್ಧರಿಸುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಸಾಲಿನಲ್ಲಿಟ್ಟಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ವೇಳಾಪಟ್ಟಿಯನ್ನು ಜಿಲ್ಲಾ ಮಟ್ಟಕ್ಕೆ ಬಿಟ್ಟು, ಜಿಲ್ಲಾ ಪಂಚಾಯತಿಯ ಜೊತೆ ಮಾತಾಡಿ ತೀರ್ಮಾನಿಸಬಹುದು ಎಂದಿತ್ತು. ಇಪ್ಪತ್ತು ವರ್ಷ ಕಳೆದರೂ ಆ ಸಾಲು ಪುಸ್ತಕದಲ್ಲೇ ಉಳಿದಿದೆ.

ಹೊರಗೆ ನೋಡಿದರೆ ಇದು ಹೊಸ ಮಾತೂ ಅಲ್ಲ. ಹಿಮಾಚಲದಲ್ಲಿ ಚಳಿಗಾಲದಲ್ಲಿ ಮುಚ್ಚುವ ಶಾಲೆ, ಬೇಸಿಗೆಯಲ್ಲಿ ಮುಚ್ಚುವ ಶಾಲೆ ಎಂದು ಎರಡು ಬಗೆ. ಕಾಶ್ಮೀರದಲ್ಲಿ ದೊಡ್ಡ ರಜೆ ಹಿಮದ ಕಾಲಕ್ಕೆ. ಕಾಳಿ ಸೇತುವೆ, ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿ 2025ರಲ್ಲಿ 6ರಿಂದ 10ನೇ ತರಗತಿಗಳ ಹೊಸ ವರ್ಷವನ್ನು ಏಪ್ರಿಲ್ 7ಕ್ಕೇ ಶುರುಮಾಡಿ, ಮೇ ತಿಂಗಳು ರಜೆ ಕೊಟ್ಟು, ಜೂನಿನಲ್ಲಿ ಮುಂದುವರಿಸಿದರು. ಸೆಕೆಯಲ್ಲಿ ಮಕ್ಕಳನ್ನು ಕೂರಿಸಬೇಡಿ ಎಂದು ಪಾಲಕರು ವಿರೋಧಿಸಿದ್ದೂ ನಿಜ. ಅದೇ ವರ್ಷ ಜುಲೈ ಕೊನೆಗೆ ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ, ಏಪ್ರಿಲ್-ಮೇ ರಜೆಯನ್ನು ಮಳೆ ಸುರಿಯುವ ಜೂನ್-ಜುಲೈಗೆ ಸರಿಸಬಹುದೇ ಎಂದು ಜನರ ಮುಂದೆಯೇ ಚರ್ಚೆಗಿಟ್ಟರು. ನಮ್ಮ ಎರಡೂ ನೆರೆಯವರು ಯೋಚಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಹತ್ತತ್ತು ವಾರಗಳ ನಾಲ್ಕು ಅವಧಿ, ನಡುವೆ ಬಿಡುವು. ಅಮೆರಿಕದಲ್ಲಿ 1970ರ ಸುಮಾರಿಗೆ ಇದು ಬಂದದ್ದು ಕೋಣೆಗಳು ಸಾಲದ್ದಕ್ಕೆ: 45 ದಿನ ಪಾಠ, 15 ದಿನ ಬಿಡುವು, ಮಕ್ಕಳನ್ನು ನಾಲ್ಕು ಗುಂಪು ಮಾಡಿ ಯಾವಾಗಲೂ ಮೂರು ಗುಂಪು ಮಾತ್ರ ಶಾಲೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಕೋಣೆಗಳಿವೆ, ಮಕ್ಕಳೇ ಕಡಿಮೆ. ಹಾಗಾಗಿ ಅವರ ಗುಂಪು ನಮಗೆ ಬೇಡ, ಹಂಚಿಕೆ ಮಾತ್ರ ಸಾಕು.

ನಾನು ಹಾಕಿಕೊಂಡ ಹಂಚಿಕೆ ಇಷ್ಟು. 48 ಮತ್ತು 18 ಸೇರಿ 66 ದಿನ. ಅದರಲ್ಲಿ 28 ದಿನ ಮೇ ತಿಂಗಳಿಗೆ. ಜುಲೈನಲ್ಲಿ 16 ದಿನ. ದಸರೆಗೆ 12. ಉಳಿದ 10 ದಿನವನ್ನು ಕಾರವಾರದ ಕಡೆ ಚೌತಿಗೆ, ಶಿರಸಿಯ ಕಡೆ ಕೊನೆಕೊಯ್ಲಿಗೆ ಕೊಡಲಿ, ಜಾತ್ರೆಯ ವರ್ಷ ಬೇಕಾದರೆ ಜಾತ್ರೆಗೆ. 16 ದಿನದ ಹೊರಗೂ ಮಳೆ ಬರುತ್ತದೆ, ರಜೆ ಕೊಡಲೇಬೇಕಾದ ದಿನಗಳು ಆಗಲೂ ಇರುತ್ತವೆ. ಆದರೆ ಅವು ಕಡಿಮೆಯಾಗುತ್ತವೆ.

ಮೇ ತಿಂಗಳನ್ನು ನಾನು ಮುಟ್ಟಲಿಲ್ಲ. ನಮ್ಮ ಶಾಲೆಯ ಬಾವಿ ಮೇ ಎರಡನೇ ವಾರಕ್ಕೆ ತಳ ಕಾಣುತ್ತದೆ. ಶೌಚಾಲಯಕ್ಕೆ ನೀರಿಲ್ಲದೆ ಮಕ್ಕಳನ್ನು, ಅದರಲ್ಲೂ ದೊಡ್ಡ ಹೆಣ್ಣುಮಕ್ಕಳನ್ನು, ದಿನವಿಡೀ ಕೂರಿಸಬಾರದು. ಏಪ್ರಿಲ್ ಸೆಕೆಗೆ ಬೆಳಗಿನ ಶಾಲೆ ಮಾಡಬಹುದು, ಎಂಟರಿಂದ ಹನ್ನೊಂದೂವರೆ. ಅಜ್ಜಿಮನೆ, ಮಾವಿನಹಣ್ಣು, ಹಲಸಿನ ಹಪ್ಪಳ, ಮದುವೆಮನೆ, ಅಂಕೋಲೆಯ ಬಂಡಿಹಬ್ಬ, ಮಳೆ ಹಿಡಿಯುವ ಮುಂಚಿನ ಕೊನೆಯ ಆಟಗಳು, ಎಲ್ಲಕ್ಕೂ ನಾಲ್ಕು ವಾರ ಸಿಗುತ್ತದೆ. ಬೇಸಿಗೆ ರಜೆಯನ್ನು ಪ್ರೀತಿಸಿಯೇ ನಾನು ಬೆಳೆದದ್ದು. ಅಜ್ಜನ ಮನೆಯ ಅಟ್ಟದ ಮೇಲಿನ ಹಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ಆದರೆ ಹೋಗಲಿಕ್ಕೆ ಅಂಥ ಅಜ್ಜನ ಮನೆ ಇರುವ ಮಕ್ಕಳು ನನ್ನ ಶಾಲೆಯಲ್ಲಿ ಎಷ್ಟು ಮಂದಿ ಎಂದು ಎಣಿಸಿದ್ದೇನೆ. ಒಂದು ಕೈಯ ಬೆರಳು ಸಾಕಾಯಿತು.

ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿದ್ದು ನಮ್ಮ ಕ್ಲಸ್ಟರಿನ ವಿಜಯಪುರ ಕಡೆಯ ಶಿಕ್ಷಕರೊಬ್ಬರ ಮಾತು. "ಮೇಡಂ, ಬ್ಯಾಸಗಿ ಸೂಟಿ ಐತಿ ಅಂತನ ನಾ ಇಲ್ಲಿ ತಡದೀನಿ ನೋಡ್ರಿ. ಊರಾಗ ಅವ್ವ ಒಬ್ಬಾಕಿನ ಅದಾಳ," ಎಂದರು. ಈ ಜಿಲ್ಲೆಯ ಎಷ್ಟೋ ಒಳನಾಡು ಶಾಲೆಗಳು ತೆರೆದಿರುವುದೇ ಆ ಕಡೆಯಿಂದ ಬಂದು ನೆಲೆನಿಂತ ಶಿಕ್ಷಕರಿಂದ. ಅವರಿಗೆ 48 ದಿನ ಎಂದರೆ ವರ್ಷಕ್ಕೊಮ್ಮೆ ಮನೆ. ನನ್ನ ಹಂಚಿಕೆಯಲ್ಲಿ ಅದು 28ಕ್ಕೆ ಇಳಿಯುತ್ತದೆ. ಬದಲಿಗೆ ಜುಲೈನಲ್ಲಿ ಇನ್ನೊಮ್ಮೆ ಊರಿಗೆ ಹೋಗಿಬರುವಷ್ಟು ಬಿಡುವು, ಅಲ್ಲಿ ಬಿತ್ತನೆ ಮುಗಿದು ಕಳೆ ಕೀಳುವ ಹೊತ್ತಿಗೆ. "ವರ್ಷಕ್ ಎರಡ್ ಸಲ ಅಂದ್ರ ಅವ್ವಗ ಛೊಲೊನ," ಎಂದು ಕೊನೆಗೆ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು: ಆ ಬಿಡುವಿನ ನಡುವೆ ಗಣತಿ, ತರಬೇತಿ ಎಂದು ಕರೆಯಬಾರದು. ಷರತ್ತು ನ್ಯಾಯವಾದದ್ದು. ನಾನೂ ಅದಕ್ಕೆ ಸಹಿ ಹಾಕುತ್ತೇನೆ.

ಹೋದ ತಿಂಗಳ ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಹಂಚಿಕೆಯನ್ನು ಹಲಗೆಯ ಮೇಲೆ ಬರೆದು ವಿವರಿಸಿದೆ. ಗಂಡಸರು ಚೌತಿಯ ಹತ್ತು ದಿನದ ಬಗ್ಗೆ ಮಾತಾಡಿದರು, ಕಾಲುಸಂಕದ ಬದಲು ಸಿಮೆಂಟಿನ ಸಂಕ ಯಾವಾಗ ಎಂದು ಕೇಳಿದರು. ಆ ಒಂದನೇ ತರಗತಿಯ ಹುಡುಗಿಯ ತಾಯಿ ಹಿಂದೆ ಬಾಗಿಲ ಹತ್ತಿರ ನಿಂತಿದ್ದವಳು, ಎಲ್ಲ ಮುಗಿದ ಮೇಲೆ ಕೇಳಿದಳು:

"ಅಕ್ಕೋರೇ, ಜುಲೈ ತಿಂಗ್ಳ ಹದಿನಾರು ದಿನಕ್ಕೆ ಅಕ್ಕಿ ಖಂಡಿತ ಕೊಡ್ತಾರಾ?"

ಖಂಡಿತ ಎನ್ನಲು ನನ್ನ ಕೈಯಲ್ಲಿಲ್ಲ. ಹಲಗೆ ಒರೆಸಿ, ಠರಾವು ಪುಸ್ತಕದಲ್ಲಿ ಆಗಲೇ ಬರೆದಿದ್ದ ಪುಟವನ್ನು ಬಿಟ್ಟು ಹೊಸ ಪುಟ ತೆಗೆದೆ. ಮೊದಲ ಸಾಲಿಗೆ ಅಕ್ಕಿ-ಬೇಳೆ ಬರೆದೆ, ಪ್ರತಿ ಮಗುವಿಗೆ ದಿನಕ್ಕೆ ಎಷ್ಟು ಗ್ರಾಂ ಎಂಬ ಲೆಕ್ಕದ ಸಮೇತ. ದಿನಗಳ ಹಂಚಿಕೆ ಅದರ ಕೆಳಗೆ. ಅವಳಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದಳು, ಓದಿದೆ. ಆಮೇಲೆ ಬಂದು ಹೆಬ್ಬೆಟ್ಟು ಒತ್ತಿದಳು.